ಮಕ್ಲಿಯ ಸುಣ್ಣ, ನೆರೆಗೆ ಜಗ್ಗದ ಮನೆ

ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಥಟ್ಟಾ ಪಟ್ಟಣದ ಪಕ್ಕದಲ್ಲಿ ಮಕ್ಲಿ ಎಂಬ ಗುಡ್ಡವಿದೆ. ದೊರೆಗಳು, ಸೂಫಿ ಸಂತರು, ಸಾಮಾನ್ಯರು ಮಲಗಿರುವ ಈ ಗೋರಿಗಳ ನೆಲ 1981ರಿಂದ ವಿಶ್ವ ಪರಂಪರೆಯ ತಾಣ. ಇಲ್ಲಿನ ಕೆಲವು ಗೋರಿಗಳನ್ನು ಸಂರಕ್ಷಿಸಿದ ಯಾಸ್ಮೀನ್ ಲಾರಿ, ಅಲ್ಲೇ ಬಿದಿರು, ಮಣ್ಣು, ಸುಣ್ಣದಿಂದ ಮನೆ ಕಟ್ಟುವುದನ್ನು ಹಳ್ಳಿಗರಿಗೆ ಕಲಿಸುತ್ತಾರೆ. ಸ್ಮಾರಕ ಉಳಿಸುವ ವಿದ್ಯೆಯೇ ನೆರೆ ಸಂತ್ರಸ್ತರ ಸೂರಿಗೂ ಬಂದಿದೆ.

ಲಾರಿ ಪಾಕಿಸ್ತಾನದ ಮೊದಲ ಮಹಿಳಾ ವಾಸ್ತುಶಿಲ್ಪಿ. ಕರಾಚಿಯಲ್ಲಿ ದೊಡ್ಡ ದೊಡ್ಡ ಕಚೇರಿ ಕಟ್ಟಡಗಳನ್ನು ವಿನ್ಯಾಸಗೊಳಿಸಿ 2000ದಲ್ಲಿ ವೃತ್ತಿ ಬಿಟ್ಟರು. 1980ರಲ್ಲಿ ಪತಿಯೊಂದಿಗೆ ಕಟ್ಟಿದ ಹೆರಿಟೇಜ್ ಫೌಂಡೇಶನ್ ಸಂಸ್ಥೆಯ ಕೆಲಸ ಮುಂದುವರಿಯಿತು. 2005ರ ಭೂಕಂಪ ಅವರನ್ನು ಗುಡ್ಡಗಾಡಿಗೆ ಕರೆದೊಯ್ದಿತು. ಉರುಳಿದ ಮನೆಗಳ ಕಲ್ಲು, ಮರಗಳಿಂದಲೇ ಅಲ್ಲಿ ಮತ್ತೆ ಮನೆಗಳು ಎದ್ದವು. 2010ರ ಮಹಾಪ್ರವಾಹದ ನಂತರ ಬಿದಿರು ಮುಖ್ಯವಾಯಿತು.

ಈ ಮನೆಗಳ ಜೀವಾಳ ಸುಣ್ಣ. ಬರೀ ಮಣ್ಣಿನ ಗೋಡೆ ನೀರಿನಲ್ಲಿ ನಿಂತರೆ ಕರಗುತ್ತದೆ. ಅರಳಿದ ಸುಣ್ಣ ಬೆರೆಸಿದರೆ ಅದು ಜೇಡಿಯೊಂದಿಗೆ ಕೂಡಿ ಗಟ್ಟಿಯಾಗುತ್ತದೆ, ನೀರಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಸುಣ್ಣದಿಂದ ಇಂಗಾಲದ ಹೊರೆಯೇ ಇಲ್ಲ ಎನ್ನುವುದು ಸರಿಯಲ್ಲ; ಸುಣ್ಣದ ಕಲ್ಲು ಸುಡುವಾಗ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಆದರೆ ಅದಕ್ಕೆ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖ ಸಾಕು, ಸಿಮೆಂಟಿಗೆ 1,450 ಡಿಗ್ರಿ ಬೇಕು. ಜೊತೆಗೆ ಸುಣ್ಣದ ಗಾರೆ ಒಣಗುತ್ತಾ ಗಾಳಿಯಿಂದ ಅದೇ ಅನಿಲವನ್ನು ಒಂದಷ್ಟು ಮರಳಿ ಹೀರಿ ಕಲ್ಲಾಗುತ್ತದೆ. ಮಣ್ಣೇ ಹೆಚ್ಚಿರುವ ಗೋಡೆಗೆ ಸುಣ್ಣವೂ ಸ್ವಲ್ಪವೇ ಸಾಕು.

ಮನೆಯ ಆಕಾರ ಎಂಟು ಮೂಲೆಯದು. ಬಿದಿರಿನ ಚೌಕಟ್ಟುಗಳನ್ನು ನೆಲದ ಮೇಲೆ ಮೊದಲೇ ಕಟ್ಟಿಟ್ಟುಕೊಳ್ಳುತ್ತಾರೆ. ಅಡ್ಡಡ್ಡ ಓರೆ ಬಿದಿರುಗಳನ್ನು ಬಿಗಿಯುವುದರಿಂದ ಗಾಳಿ ತಳ್ಳಿದರೂ ಚೌಕಟ್ಟು ವಾಲುವುದಿಲ್ಲ. ಎತ್ತರಿಸಿದ ಜಗಲಿಯ ಮೇಲೆ ಎಂಟನ್ನೂ ನಿಲ್ಲಿಸಿ, ಒಂದಕ್ಕೊಂದು ಕಟ್ಟಿ, ಮೇಲೆ ಛತ್ರಿಯಂಥ ಬಿದಿರಿನ ಮಾಡು ಹೊದಿಸುತ್ತಾರೆ. ತಕ್ಷಣಕ್ಕೆ ಚಾಪೆ ಕಟ್ಟಿಯೂ ವಾಸಿಸಬಹುದು. ಮಣ್ಣು-ಸುಣ್ಣದ ಮೆತ್ತುವಿಕೆ ಬಿಡುವಾದಾಗ ಮನೆಯವರದೇ ಕೆಲಸ. ಬಿದಿರು ಮೂರರಿಂದ ಐದು ವರ್ಷಕ್ಕೆ ಕೊಯ್ಲಿಗೆ ಬರುತ್ತದೆ, ಕಡಿದ ಮೆಳೆ ಮತ್ತೆ ಚಿಗುರುತ್ತದೆ. ನುಸಿ ಹತ್ತದಂತೆ ಹದಮಾಡದೆ ಬಳಸಿದರೆ ಮಾತ್ರ ಎಲ್ಲ ವ್ಯರ್ಥ.

ಇದೇ ಮಣ್ಣು-ಸುಣ್ಣದಿಂದ ಎತ್ತರದ ಕಟ್ಟೆಯ ಒಲೆಗಳೂ ಬಂದವು. ನೆರೆ ನೀರು ಒಲೆ ತಲುಪದು, ಹೊಗೆ ಕೊಳವೆಯಲ್ಲಿ ಹೊರಹೋಗುತ್ತದೆ. ಕಟ್ಟುವವರು ಹಳ್ಳಿಯ ಹೆಂಗಸರೇ. ಈ ಒಲೆಗೆ 2018ರ ವರ್ಲ್ಡ್ ಹ್ಯಾಬಿಟಾಟ್ ಪ್ರಶಸ್ತಿ ಸಿಕ್ಕಿತು. 2023ರಲ್ಲಿ ಲಾರಿಯವರಿಗೆ ಬ್ರಿಟನ್ನಿನ ರಾಯಲ್ ಗೋಲ್ಡ್ ಮೆಡಲ್. ಪದಕಕ್ಕಿಂತ ದೊಡ್ಡ ಸಾಕ್ಷಿ ಬೇರೆಯಿದೆ. 2022ರ ನೆರೆ ಸುಮಾರು 3.3 ಕೋಟಿ ಜನರನ್ನು ಬಾಧಿಸಿದಾಗ, ಸಿಂಧ್‌ನ ಪೋನೊ ಹಳ್ಳಿಯಲ್ಲಿ ಇಂಥ ಮನೆಗಳು ನಿಂತಿದ್ದವು.

ಸುಣ್ಣದ ಈ ಪಾಠ ನಮಗೂ ಬೇಕು. ಹಳೆಯ ಸುಣ್ಣದ ಗಾರೆ ಗೋಡೆ ಉಸಿರಾಡುತ್ತದೆ, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಕಲ್ಲು, ಇಟ್ಟಿಗೆ ಎರಡನ್ನೂ ತಿನ್ನುತ್ತದೆ. ನಿಮ್ಮೂರಿನ ಹಳೆಯ ಮನೆಯೋ ದೇವಸ್ಥಾನವೋ ಬಿರುಕು ಬಿಟ್ಟರೆ ದಯವಿಟ್ಟು ಸಿಮೆಂಟ್ ಮೆತ್ತಿಸಬೇಡಿ, ಸುಣ್ಣದ ಗಾರೆ ಕೆಲಸ ಬಲ್ಲವರನ್ನು ಹುಡುಕಿ ಕರೆಯಿರಿ.