ಸೂಜಿ ಬದಲು ಗುಳಿಗಿ: ಬೆಂಗಳೂರಿನಲ್ಲಿ ನಡೆದ ಹುಡುಕಾಟ

ದೊಡವಾಡದಂಥ ಹಳ್ಳಿಯಲ್ಲಿ ಡಾಕ್ಟರು ಇನ್ಸುಲಿನ್ ಬರೆದುಕೊಟ್ಟರೆ ಶುಗರ್ ಇದ್ದವರ ಬಾಯಿಂದ ಬರುವ ಮಾತು, ‘ಸೂಜಿ ಬ್ಯಾಡ್ರಿ ಸರ, ಗುಳಿಗಿನ ಕೊಡ್ರಿ’. ಬರೀ ಹೆದರಿಕೆ ಎಂದು ಇದನ್ನು ತಳ್ಳಿಹಾಕಬಾರದು. ನಸುಕಿನಲ್ಲೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವವರು ಬಾಟಲಿಯನ್ನು ಬಿಸಿಲಿಗೆ ಕೆಡದಂತೆ ಎಲ್ಲಿಡಬೇಕು? ಬದುವಿನ ಮೇಲೆ ನಾಲ್ಕು ಜನರೆದುರು ಹೊಟ್ಟೆಗೆ ಹೇಗೆ ಚುಚ್ಚಿಕೊಳ್ಳಬೇಕು? ಅವರು ಕೇಳುವ ಗುಳಿಗಿಯನ್ನು ನಮ್ಮ ರಾಜ್ಯದಲ್ಲೇ ಮಾಡಿ ನೋಡಿದ್ದಾರೆ.

ಇನ್ಸುಲಿನ್ 51 ಅಮೈನೋ ಆಮ್ಲಗಳ ಪ್ರೋಟೀನು. ನುಂಗಿದರೆ ಹೊಟ್ಟೆ ಅದನ್ನು ಬೇಳೆಯಂತೆ ಅರಗಿಸಿಬಿಡುತ್ತದೆ. ಉಳಿದ ಚೂರುಪಾರು ಕರುಳಿನ ಗೋಡೆ ದಾಟುವುದೂ ಕಷ್ಟ. 1922ರಲ್ಲಿ ಟೊರೊಂಟೊದಲ್ಲಿ ಮೊದಲ ರೋಗಿಗೆ ಚುಚ್ಚಿದಂದಿನಿಂದ ಸೂಜಿ ಉಳಿದುಕೊಂಡದ್ದು ಇದೇ ಕಾರಣಕ್ಕೆ. ಬೆಂಗಳೂರಿನ ಬಯೋಕಾನ್ 2006ರಲ್ಲಿ ಅಮೆರಿಕದ ನೊಬೆಕ್ಸ್ ಕಂಪನಿಯ ಸಂಶೋಧನೆಯನ್ನು ಕೊಂಡು ಈ ಕೆಲಸಕ್ಕಿಳಿಯಿತು. ಇನ್ಸುಲಿನ್ ಅಣುವಿಗೆ ಪಾಲಿಇಥಿಲಿನ್ ಗ್ಲೈಕಾಲಿನ ಗಿಡ್ಡ ಸರಪಳಿ ಜೋಡಿಸಿ, ಕರುಳಿನ ಕೋಶಗಳ ಸಂದನ್ನು ತುಸು ಹೊತ್ತು ಸಡಿಲಿಸುವ ಸೋಡಿಯಂ ಕ್ಯಾಪ್ರೇಟ್ ಸೇರಿಸಿದ ಮಾತ್ರೆ ಅದು. ಮೊದಲಿಗೆ ಐಎನ್-105, ಆಮೇಲೆ ಟ್ರೆಗೊಪಿಲ್ ಎಂದು ಹೆಸರು.

ನೋವು ತಪ್ಪಿಸುವುದಷ್ಟೇ ಇದರ ಆಸೆಯಲ್ಲ. ಮೇದೋಜೀರಕ ಗ್ರಂಥಿ ಸುರಿಸುವ ಇನ್ಸುಲಿನ್ ಮೊದಲು ಯಕೃತ್ತಿಗೆ ಹೋಗುತ್ತದೆ. ಕರುಳು ಹೀರಿಕೊಂಡದ್ದಕ್ಕೂ ಅದೇ ದಾರಿ. ಚುಚ್ಚಿಕೊಂಡದ್ದು ಮಾತ್ರ ಮೊದಲು ಮೈಗೆಲ್ಲ ಹರಡುತ್ತದೆ.

ಈ ಮಾತ್ರೆಯನ್ನು ರೋಗಿಗಳ ಮೇಲೆ ಪರೀಕ್ಷಿಸಿದ ಫಲಿತಾಂಶ 2011ರ ಜನವರಿಯಲ್ಲಿ ಹೊರಬಿತ್ತು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಇಳಿಸುವುದರಲ್ಲಿ ಗುರಿ ಮುಟ್ಟಲಿಲ್ಲ. ಔಷಧಿಯಿಲ್ಲದ ಮಾತ್ರೆ ನುಂಗಿದವರಲ್ಲೂ ಸಕ್ಕರೆ ಇಳಿದಿತ್ತು. ಬಯೋಕಾನ್ ಅಲ್ಲಿಗೇ ಕೈಬಿಡದೆ ಮುಂದೆ ಊಟದ ಹೊತ್ತಿನ ಇಂಜಕ್ಷನ್ ಜೊತೆಗೇ 24 ವಾರ ಹೋಲಿಸಿ ನೋಡಿತು. ಉಂಡ ಕೂಡಲೇ ಏರುವ ಸಕ್ಕರೆಯನ್ನು ಮಾತ್ರೆ ಚೆನ್ನಾಗಿ ತಡೆಯಿತು, ಆದರೆ ಎಚ್‌ಬಿಎ1ಸಿ ಲೆಕ್ಕದಲ್ಲಿ ಇಂಜಕ್ಷನ್ನೇ ಮುಂದಿತ್ತು.

ನನ್ನನ್ನು ಹೆಚ್ಚು ಕಾಡಿದ್ದು ಆ ಮಾತ್ರೆಯೊಳಗಿನ ಇನ್ಸುಲಿನ್ನಿನ ತೂಕ. ಪ್ರತಿ ಊಟಕ್ಕೂ ಮುಂಚೆ 30 ಅಥವಾ 45 ಮಿಲಿಗ್ರಾಂ. ಔಷಧಿ ಅಂಗಡಿಯಲ್ಲಿ ಸಿಗುವ 400 ಯೂನಿಟ್ಟಿನ ಬಾಟಲಿಯಲ್ಲಿರುವ ಇನ್ಸುಲಿನ್ ಸುಮಾರು 14 ಮಿಲಿಗ್ರಾಂ ಮಾತ್ರ. ಅಂದರೆ ತೂಕದಲ್ಲಿ ಒಂದೊಂದು ಗುಳಿಗಿಗೂ ಎರಡು ಬಾಟಲಿಗಿಂತ ಹೆಚ್ಚು! ಅದರಲ್ಲಿ ಬಹುಪಾಲು ರಕ್ತ ಸೇರುವ ಮೊದಲೇ ಹಾಳು. ಬಾಟಲಿಯ ದುಡ್ಡನ್ನೇ ಲೆಕ್ಕ ಹಾಕಿ ಕೊಳ್ಳುವ ಮನೆಗೆ ಇಂಥ ಮಾತ್ರೆ ಎಟುಕೀತೆ?

ಹೀರಿಕೆಗೆ ನೆರವಾಗುವ ವಸ್ತು ಸೇರಿಸುವ ಇದೇ ಜಾತಿಯ ಉಪಾಯದಿಂದ ಶುಗರ್‌ನ ಇನ್ನೊಂದು ಔಷಧಿಯಾದ ಸೆಮಾಗ್ಲುಟೈಡ್ 2019ರಲ್ಲಿ ಅಮೆರಿಕದಲ್ಲಿ ಮಾತ್ರೆಯಾಗಿ ಒಪ್ಪಿಗೆ ಪಡೆಯಿತು. ಹೀರಿಕೆಯಾಗುವುದು ಅಲ್ಲೂ ಅತ್ಯಲ್ಪವೇ. ಆದರೆ ಅದು ದೇಹದಲ್ಲಿ ಬಹಳ ದಿನ ಉಳಿಯುವುದರಿಂದ ಒಂದು ದಿನದ ಹೆಚ್ಚುಕಡಿಮೆ ಇನ್ನೊಂದು ದಿನ ಸರಿಹೋಗುತ್ತದೆ. ಇನ್ಸುಲಿನ್ನಿಗೆ ಆ ಸಲಿಗೆಯಿಲ್ಲ. ಕರುಳು ಇವತ್ತು ತುಸು ಜಾಸ್ತಿ ಹೀರಿದರೆ ಸಕ್ಕರೆ ಇಳಿದು ಕಣ್ಣು ಕತ್ತಲೆಗಟ್ಟುತ್ತದೆ; ಕಡಿಮೆ ಹೀರಿದರೆ ಏರಿದ ಸಕ್ಕರೆ ಹಾಗೇ ನಿಲ್ಲುತ್ತದೆ.