ಧೂಳಿನ ಮರೆಯ ಗೆಲಕ್ಸಿಗಳ ತೂಕ ಮತ್ತು ಕಾಂತಿ

ಸುಗ್ಗಿಯ ದಿನಗಳಲ್ಲಿ ಸಿಂಧನೂರಿನಿಂದ ಮಸ್ಕಿಯ ಮಾರ್ಗವಾಗಿ ಲಿಂಗಸುಗೂರಿಗೆ ಹೊರಟವರಿಗೆ ಭತ್ತದ ರಾಶಿಯ ಧೂಳು ಅಪರಿಚಿತವಲ್ಲ. ಎದುರಿನ ಲಾರಿಯ ದೀಪವು ಅದರಲ್ಲಿ ಹಣತೆಯಷ್ಟು ಮಂಕಾಗಿ ತೋರುವುದು. ದೂರದಿಂದ ಮಂಕೋ, ಧೂಳಿನಿಂದ ಮಂಕೋ, ಕಣ್ಣು ಹೇಳಲಾರದು. ಖಗೋಳ ವಿಜ್ಞಾನಿಗಳಿಗೂ ಬಹುಕಾಲ ಇದೇ ತೊಡಕು. ಅತಿದೂರದ ಕೆಲವು ಗೆಲಕ್ಸಿಗಳಲ್ಲಿ ವರ್ಷವೊಂದಕ್ಕೆ ನೂರಾರು ಸೂರ್ಯರ ತೂಕದ ದ್ರವ್ಯವು ಹೊಸ ನಕ್ಷತ್ರಗಳಾಗುತ್ತದೆ. ನಮ್ಮ ಆಕಾಶಗಂಗೆಯಲ್ಲಾದರೋ ಒಂದೆರಡು ಸೂರ್ಯರಷ್ಟು ಮಾತ್ರ. ಅಂತಹ ಪ್ರಚಂಡ ಗೆಲಕ್ಸಿಗಳೇ ಕಾಣದೆ ಉಳಿದಿದ್ದವು.

ಧೂಳೆಂಬ ಮಾತಿಗೆ ಈ ಪಂಡಿತನದೊಂದು ತಕರಾರು ಉಂಟು. ಗಗನದ ಈ ಕಣಗಳು ಬಹುಮಟ್ಟಿಗೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಸಣ್ಣವು. ಮರಳಿನ ಜಾತಿಯ ಖನಿಜವೂ ಮಸಿಯಂತಹ ಇಂಗಾಲವೂ ಅವುಗಳಲ್ಲಿವೆ. ಹೊಗೆ ಎಂದಿದ್ದರೆ ಹೆಚ್ಚು ಒಪ್ಪುತ್ತಿತ್ತು. ಇರಲಿ. ಎಳೆಯ ನಕ್ಷತ್ರಗಳ ನೇರಳಾತೀತ ಬೆಳಕನ್ನು ಈ ಧೂಳು ನುಂಗಿ, ಅಲ್ಪಸ್ವಲ್ಪ ಬೆಚ್ಚಗಾಗಿ, ಆ ಶಕ್ತಿಯನ್ನು ಅವಕೆಂಪು ಕಿರಣವಾಗಿ ಹೊರಬಿಡುತ್ತದೆ. ಬೆಚ್ಚಗೆಂದರೂ ಅದು ಶೂನ್ಯಕ್ಕಿಂತ ಸುಮಾರು 240 ಡಿಗ್ರಿ ಕೆಳಗಿನ ಉಷ್ಣತೆ! ನುಂಗಿದ ಶಕ್ತಿಯೆಲ್ಲ ಹೀಗೆ ಹಿಂದಿರುಗುವುದರಿಂದ, ಮರೆಮಾಡಿದ ಧೂಳೇ ಸಾಕ್ಷಿಯೂ ಆಗುತ್ತದೆ.

ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ಸಿದ್ಧವಾಗಿ 2015ರಲ್ಲಿ ಆಸ್ಟ್ರೋಸ್ಯಾಟ್ ಉಪಗ್ರಹದೊಡನೆ ಗಗನಕ್ಕೇರಿದ ದೂರದರ್ಶಕವು ಧೂಳಿನಿಂದ ತಪ್ಪಿಸಿಕೊಂಡು ಬಂದ ನೇರಳಾತೀತ ಬೆಳಕನ್ನು ಹಿಡಿಯಿತು. ನುಂಗಲ್ಪಟ್ಟ ಪಾಲನ್ನು ಅಳೆಯಲು ಬೇರೆ ಸಾಧನ ಬೇಕು. ವಿಶ್ವದ ವಿಸ್ತಾರದಿಂದ ಧೂಳಿನ ಕಿರಣಗಳ ತರಂಗಗಳು ಹಿಗ್ಗಿ, ಮಿಲಿಮೀಟರಿನಷ್ಟು ಉದ್ದವಾಗಿ ನಮ್ಮನ್ನು ತಲುಪುತ್ತವೆ. ಗಾಳಿಯಲ್ಲಿನ ನೀರಾವಿ ಅವನ್ನು ಹೀರಿಬಿಡುವುದರಿಂದ ಒಣ ಹವೆಯ ಎತ್ತರದ ತಾಣಗಳೇ ಗತಿ. 1997ರಲ್ಲಿ ಹವಾಯಿಯ ಮೌನಾ ಕೀ ಶಿಖರದ ಮ್ಯಾಕ್ಸ್‌ವೆಲ್ ದೂರದರ್ಶಕದಿಂದ ಈ ಗೆಲಕ್ಸಿಗಳು ಮೊದಲು ಬೆಳಕಿಗೆ ಬಂದವು. ಈಗ ಚಿಲಿ ದೇಶದಲ್ಲಿ 5,000 ಮೀಟರ್ ಎತ್ತರದ ಆಲ್ಮಾ ದೂರದರ್ಶಕ ಸಮೂಹವು ಇದರಲ್ಲಿ ಅಗ್ರಗಣ್ಯ.

ಇಲ್ಲೊಂದು ವಿಚಿತ್ರವುಂಟು. ದೀಪವನ್ನು ಇಮ್ಮಡಿ ದೂರದಲ್ಲಿಟ್ಟರೆ ಕಾಂತಿ ಕಾಲುಭಾಗಕ್ಕಿಳಿಯಬೇಕಷ್ಟೆ. ಈ ತರಂಗಗಳಲ್ಲಿ ಹಾಗಾಗದು. ದೂರ ಹೆಚ್ಚಿದಂತೆ ಧೂಳಿನ ಕಿರಣಗಳ ಪ್ರಬಲ ಭಾಗವೇ ಹಿಗ್ಗಿ ಈ ತರಂಗಗಳತ್ತ ಸರಿಯುವುದರಿಂದ ನಷ್ಟ ತುಂಬಿಬರುತ್ತದೆ. ಅದರಿಂದ 800 ಕೋಟಿ ಜ್ಯೋತಿರ್ವರ್ಷದ ಗೆಲಕ್ಸಿಯೂ 1,200 ಕೋಟಿಯದೂ ಹೆಚ್ಚುಕಡಿಮೆ ಸಮನಾಗಿ ತೋರುತ್ತವೆ. ಆದುದರಿಂದ ದೂರವನ್ನು ಕಾಂತಿಯಿಂದಲ್ಲದೆ ರೋಹಿತದ ರೇಖೆಗಳಿಂದಲೇ ನಿರ್ಣಯಿಸಬೇಕು. ಒಂದೇ ತರಂಗದ ಅಳತೆಯೂ ಸಾಲದು: ತಣ್ಣನೆಯ ಹೆಚ್ಚು ಧೂಳಿಗೂ ಬೆಚ್ಚನೆಯ ಕಡಿಮೆ ಧೂಳಿಗೂ ಅಲ್ಲಿ ಭೇದ ತಿಳಿಯದು. ಹಲವು ತರಂಗಗಳಲ್ಲಿ ಅಳೆದು ಉಷ್ಣತೆಯನ್ನು ಗೊತ್ತುಮಾಡಿಕೊಂಡ ಮೇಲೆಯೇ ಧೂಳಿನ ತೂಕ ಹೇಳಬಹುದು.

ಧೂಳಿನಿಂದ ಅನಿಲಕ್ಕೆ ಹೋಗುವ ಕ್ರಮವು ನಮ್ಮ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಯನ್ನು ನೆನಪಿಸುತ್ತದೆ. ಟನ್ನಿಗೆ ಕೆಲವೇ ಗ್ರಾಂ ಚಿನ್ನ. ಮಾದರಿಯನ್ನು ಪರೀಕ್ಷಿಸಿ ಇಡೀ ಪದರವನ್ನು ಅಂದಾಜು ಮಾಡುವರು. ಗೆಲಕ್ಸಿಯಲ್ಲಿಯೂ ಅನಿಲದ ಸುಮಾರು ನೂರರಲ್ಲೊಂದು ಪಾಲು ಧೂಳು. ಇಂಗಾಲದ ಮಾನಾಕ್ಸೈಡಿನ ರೇಖೆಗಳಿಂದ ಈ ಅಂದಾಜನ್ನು ಒರೆಗೆ ಹಚ್ಚುತ್ತಾರೆ.

2018ರಲ್ಲಿ ಪ್ರಕಟವಾದ ಎಸ್‌ಪಿಟಿ 0311-58 ಎಂಬ ಗೆಲಕ್ಸಿ ಜೋಡಿಯ ಲೆಕ್ಕ ಸ್ವಾರಸ್ಯಕರವಾದುದು. ವಿಶ್ವಕ್ಕೆ ಕೇವಲ 78 ಕೋಟಿ ವರ್ಷ ಪ್ರಾಯವಾಗಿದ್ದಾಗಿನ ಅದರ ರೂಪ ನಮಗೀಗ ಕಾಣುತ್ತಿದೆ. ಜೋಡಿಯ ದೊಡ್ಡದರಲ್ಲಿ ಸುಮಾರು 250 ಕೋಟಿ ಸೂರ್ಯರಷ್ಟು ಧೂಳು, 27,000 ಕೋಟಿ ಸೂರ್ಯರಷ್ಟು ಅನಿಲ. ನಡುವೆ ಅಡ್ಡಬಂದ ಗೆಲಕ್ಸಿಯೊಂದು ತನ್ನ ಗುರುತ್ವದಿಂದ ಮಸೂರದಂತೆ ವರ್ತಿಸಿ ಅದರ ಕಾಂತಿಯನ್ನು ಸುಮಾರು ಇಮ್ಮಡಿಸಿತ್ತು. ಆ ಹೆಚ್ಚಳವನ್ನು ಕಳೆದ ಮೇಲೆ ಉಳಿದ ಲೆಕ್ಕವಿದು. ಅಷ್ಟು ಬೇಗ ಅಷ್ಟು ದ್ರವ್ಯ ಒಂದೆಡೆ ಹೇಗೆ ಕೂಡಿತೆಂಬುದೇ ಈಗಿನ ಜಿಜ್ಞಾಸೆ.