ಮುಪ್ಪಾದ ಕಾವಲುನಾಯಿಯ ಚಿಕಿತ್ಸೆ: ತೀರಿಸಬೇಕಾದ ಋಣ

ಸುಗ್ಗಿ ಮುಗಿದೊಡನೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಎರೆಹೊಲಗಳಲ್ಲಿ ಕುರಿಹಿಂಡುಗಳು ಬೀಡುಬಿಡುತ್ತವೆ. ಹಿಂಡು ಹೊಲಕ್ಕೆ ಗೊಬ್ಬರ ಕೊಡುತ್ತದೆ, ಹೊಲದವನು ಕುರುಬನಿಗೆ ಕಾಳು ಕೊಡುತ್ತಾನೆ. ಈ ಕೊಡುಕೊಳ್ಳುವಿಕೆಯ ನಡುವೆ ರಾತ್ರಿಯಿಡೀ ಎಚ್ಚರವಾಗಿದ್ದು, ತೋಳಕ್ಕೂ ಕಳ್ಳನಿಗೂ ಎದೆಗೊಡುವ ಜೀವವೊಂದಿದೆ. ಅದಕ್ಕೆ ದೊರೆಯುವುದು ಒಂದು ರೊಟ್ಟಿ, ಒಂದಿಷ್ಟು ಮಜ್ಜಿಗೆ. ಆ ನಾಯಿಗೆ ಮುಪ್ಪು ಬಂದಾಗ, ದೊಡ್ಡ ಚಿಕಿತ್ಸೆಯ ಪ್ರಸಂಗ ಒದಗಿದಾಗ, ಅದರ ವೆಚ್ಚವನ್ನು ಯಾರು ಭರಿಸಬೇಕು? ಈ ತಿಂಗಳು ಸದ್ಭಕ್ತರ ಮುಂದೆ ಈ ಪ್ರಶ್ನೆಯನ್ನು ಇಡುತ್ತಿದ್ದೇವೆ. ಇದನ್ನು ನಮಗೆ ಕಲಿಸಿದ್ದು ನಮ್ಮದೇ ಒಂದು ತಪ್ಪು.

ಕೆಲವು ವರ್ಷಗಳ ಹಿಂದೆ ಸವದತ್ತಿ ಕಡೆಯ ಕುರುಬರೊಬ್ಬರು ಮೊಣಕಾಲು ನೋವಿಗೆಂದು ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಔಷಧ ಕಟ್ಟಿಸಿಕೊಂಡು ಎದ್ದವರು ಬಾಗಿಲಲ್ಲಿ ನಿಂತು, “ನಮ್ಮ ನಾಯಿ ಮೊಲಿ ಹತ್ರ ಲಿಂಬಿಕಾಯಿಯಷ್ಟು ಗಂಟಾಗೇತ್ರಿ. ಏನರ ಹಚ್ಚೂದು ಇದ್ರ ಕೊಡ್ರಿ” ಎಂದರು. ನಾಯಿಗೆ ಒಂಬತ್ತು ವರ್ಷ, ಮುಧೋಳ ತಳಿಯ ಹೆಣ್ಣು. ನಾವು ಅದನ್ನು ನೋಡಲಿಲ್ಲ. ಪಶುವೈದ್ಯರಲ್ಲಿಗೆ ಒಯ್ಯಿರಿ ಎಂದು ಹೇಳಲೂ ಇಲ್ಲ. ಗಂಟು ಕರಗಿಸುವ ಲೇಪವೊಂದನ್ನು ಕೊಟ್ಟು ಕಳುಹಿಸಿದೆವು.

ನಾಲ್ಕು ತಿಂಗಳ ನಂತರ ಅವರು ಮತ್ತೆ ಬಂದಾಗ ಗಂಟು ತೆಂಗಿನಕಾಯಿಯಷ್ಟಾಗಿ ಒಡೆದು ಹುಳು ಬಿದ್ದಿತ್ತು. ಅರ್ಬುದವನ್ನು ಶೇಷವುಳಿಯದಂತೆ ತೆಗೆಯಬೇಕು, ಶೇಷವುಳಿದರೆ ಅದು ಮತ್ತೆ ಬೆಳೆಯುತ್ತದೆ ಎಂಬ ಸುಶ್ರುತರ ಅಭಿಪ್ರಾಯವನ್ನು ನಾವು ವಿದ್ಯಾರ್ಥಿದೆಸೆಯಲ್ಲೇ ಓದಿದ್ದೆವು. ಓದಿದ್ದು ಆ ದಿನ ನೆನಪಿಗೆ ಬರಲಿಲ್ಲ, ಏಕೆಂದರೆ ಎದುರಿಗಿದ್ದುದು ನಾಯಿಯ ಮಾತು. ಮನುಷ್ಯರಾಗಿದ್ದರೆ ನಾವು ಹಾಗೆ ಮಾಡುತ್ತಿರಲಿಲ್ಲ.

ಪಶುವೈದ್ಯರು ಪರೀಕ್ಷಿಸಿ, ಆಗಲೇ ತಂದಿದ್ದರೆ ಸಣ್ಣ ಶಸ್ತ್ರಕ್ರಿಯೆಯಲ್ಲಿ ಮುಗಿಯುತ್ತಿತ್ತು ಎಂದರು. ಈಗ ರಕ್ತಪರೀಕ್ಷೆ, ಶ್ವಾಸಕೋಶಕ್ಕೆ ಹಬ್ಬಿದೆಯೇ ಎಂದು ತಿಳಿಯಲು ಎದೆಯ ಎಕ್ಸ್‌-ರೇ, ದೊಡ್ಡ ಶಸ್ತ್ರಚಿಕಿತ್ಸೆ, ಔಷಧ, ಬಾಡಿಗೆ ವಾಹನ ಎಲ್ಲ ಕೂಡಿ ಸುಮಾರು 18,000 ರೂಪಾಯಿ ಆಯಿತು. ಕುರುಬರು ಎರಡು ಟಗರು ಮಾರಿದರು. ಹೊಲಿಗೆ ಬಿಚ್ಚುವವರೆಗೆ ಹನ್ನೆರಡು ದಿನ ಹಿಂಡನ್ನು ತಮ್ಮನಿಗೆ ಒಪ್ಪಿಸಿ ನಾಯಿಯ ಬಳಿ ಕುಳಿತರು. ಊರವರು, “ನಾಯಿ ಸಲುವಾಗಿ ಟಗರು ಮಾರಿದ ಶಾಣ್ಯಾ” ಎಂದು ನಕ್ಕರು. ಅವರು ಕೊಟ್ಟ ಉತ್ತರವನ್ನು ನಾವು ಮರೆತಿಲ್ಲ: “ಅದು ತೋಳದ ಬಾಯಾಗಿಂದ ಉಳಿಸಿಕೊಟ್ಟ ಟಗರು ಎಷ್ಟು ಅಂತ ಎಣಿಸೀರೇನು? ಅದರೊಳಗ ಎರಡು ಅದರ ಪಾಲು.”

ನಾಯಿಯ ಸೇವೆಗೆ ಪಾಲು ಕೊಡುವ ಈ ವಿವೇಕ ಕನ್ನಡ ನಾಡಿಗೆ ಹೊಸದಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನಲ್ಲಿ ದೊರೆತ, ಹತ್ತನೆಯ ಶತಮಾನದ ನಡುವಿನ ಶಾಸನವೊಂದು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಒಡೆಯನು ಬೇಕಾದುದನ್ನು ಕೇಳೆಂದಾಗ, ಆತ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನು ದತ್ತಿ ಬಿಟ್ಟರು. ಸತ್ತ ನಾಯಿಗೆ ಭೂಮಿ ಬಿಟ್ಟ ನಾಡಿನವರು ನಾವು. ಬದುಕಿರುವ ನಾಯಿಗೆ ಔಷಧದ ಖರ್ಚು ಎತ್ತಿಡುವುದು ನಮಗೆ ಭಾರವಾಗಬಾರದು. ಕಾಯಕ ಮಾಡಿದ ಜೀವಕ್ಕೆ ಅದರ ಫಲದಲ್ಲಿ ಪಾಲಿದೆ ಎಂಬುದನ್ನು ಒಪ್ಪುವ ನಾವು, ಆ ಜೀವಕ್ಕೆ ನಾಲ್ಕು ಕಾಲುಗಳಿವೆಯೆಂದು ಲೆಕ್ಕ ಬದಲಿಸಲಾಗದು.

ಇನ್ನು ಆರೋಗ್ಯದ ವಿಷಯಕ್ಕೆ ಬರೋಣ. ದೊಡ್ಡ ಮೈಕಟ್ಟಿನ ನಾಯಿಗೆ ಏಳೆಂಟು ವರ್ಷಕ್ಕೆ ಮುಪ್ಪು ಆರಂಭವಾಗುತ್ತದೆ. ಅಂದಿನಿಂದ ತಿಂಗಳಿಗೊಮ್ಮೆ ಮೈಮೇಲೆ ಕೈಯಾಡಿಸಿ ಗಂಟುಗಳಿವೆಯೇ ನೋಡಬೇಕು. ಹೆಣ್ಣುನಾಯಿಯ ಮೊಲೆಯ ಗಂಟುಗಳಲ್ಲಿ ಸುಮಾರು ಅರ್ಧದಷ್ಟು ಕೇಡಿನವು. ಕಡಲೆಕಾಳಿನಷ್ಟಿದ್ದಾಗಲೇ ತೋರಿಸಿದರೆ ಖರ್ಚೂ ಕಡಿಮೆ, ಗುಣವೂ ಹೆಚ್ಚು. ಮರಿ ಬೇಡವೆಂದಿದ್ದರೆ ಎಳೆಯ ಪ್ರಾಯದಲ್ಲೇ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸುವುದರಿಂದ ಈ ಗಂಟುಗಳ ಭಯ ಬಹಳ ತಗ್ಗುತ್ತದೆ. ಗರ್ಭಕೋಶದಲ್ಲಿ ಕೀವು ತುಂಬುವ ರೋಗವೂ ತಪ್ಪುತ್ತದೆ. ಬೆದೆ ಮುಗಿದ ಕೆಲವು ವಾರಗಳಲ್ಲಿ ನಾಯಿ ಅತಿಯಾಗಿ ನೀರು ಕುಡಿದರೆ, ಅನ್ನ ಬಿಟ್ಟರೆ, ಹೊಟ್ಟೆ ಉಬ್ಬಿದರೆ, ಕೀವು ಒಸರಿದರೆ ಅದು ಆ ರೋಗದ ಲಕ್ಷಣ. ಅಂಥ ವೇಳೆ ನಾಳೆ ನೋಡೋಣ ಎನ್ನುವುದು ಸಲ್ಲ. ಕೆಮ್ಮು, ಬೇಗ ದಣಿವು, ಏಳುವಾಗ ಕುಂಟು, ಬಾಯಿಯ ದುರ್ಗಂಧ ಇವು ಬರಿಯ ವಯಸ್ಸಿನ ಧರ್ಮವೆಂದು ಬಿಡತಕ್ಕವಲ್ಲ. ಇವುಗಳಲ್ಲಿ ಎಷ್ಟೋ ಚಿಕಿತ್ಸೆಗೆ ಒಗ್ಗುವಂಥವು.

ಆಯುರ್ವೇದವನ್ನು ನಂಬಿದ ಭಕ್ತರಿಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಪಶುಚಿಕಿತ್ಸೆಗೆ ಬೇರೆಯೇ ಶಾಸ್ತ್ರವಿದೆಯೆಂದು ನಮ್ಮ ಪೂರ್ವಜರೂ ಅರಿತಿದ್ದರು. ಆನೆಗೆ ಪಾಲಕಾಪ್ಯನ ಗ್ರಂಥ, ಕುದುರೆಗೆ ಶಾಲಿಹೋತ್ರನ ಗ್ರಂಥ, ಕನ್ನಡದಲ್ಲಿಯೇ ಚಾಲುಕ್ಯ ಕೀರ್ತಿವರ್ಮನ ‘ಗೋವೈದ್ಯ’ ಹುಟ್ಟಿದ್ದು ಅದಕ್ಕಾಗಿ. ಮನುಷ್ಯರಿಗೆ ಹಿತವಾದುದೆಲ್ಲ ನಾಯಿಗೆ ಹಿತವಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಅದರ ರಕ್ತಕಣಗಳನ್ನು ಕೆಡಿಸುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಘಾತುಕ. ಆದ್ದರಿಂದ ಮನೆಯಲ್ಲಿ ಉಳಿದ ದ್ರಾಕ್ಷಾರಿಷ್ಟವನ್ನು ಶಕ್ತಿ ಬರಲೆಂದು ನಾಯಿಗೆ ಕುಡಿಸಕೂಡದು. ಮನುಷ್ಯರ ನೋವಿನ ಗುಳಿಗೆಗಳಾದ ಪ್ಯಾರಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫಿನ್ಯಾಕ್‌ಗಳನ್ನು ಪಶುವೈದ್ಯರು ಹೇಳದೆ ಕೊಡಬಾರದು. ನಮ್ಮ ಲೇಪದಂತೆಯೇ ಇವೂ ಒಳ್ಳೆಯ ಮನಸ್ಸಿನಿಂದ ಮಾಡುವ ಕೇಡು.

ಹಣದ ವಿಚಾರ ಹೇಗೆ? ಟಗರು ಮಾರುವ ಪ್ರಸಂಗ ಬರಬಾರದೆಂದಿದ್ದರೆ, ನಾಯಿ ಮರಿಯಾಗಿದ್ದಾಗಲೇ ಅದರ ಹೆಸರಿನಲ್ಲಿ ಒಂದು ಹುಂಡಿ ಇಡಬೇಕು. ದಿನಕ್ಕೆ 5 ರೂಪಾಯಿ ಹಾಕಿದರೆ ವರ್ಷಕ್ಕೆ 1,825, ಎಂಟು ವರ್ಷಕ್ಕೆ 14,600 ರೂಪಾಯಿ ಕೂಡುತ್ತದೆ. ಮುಪ್ಪಿನ ದೊಡ್ಡ ಖರ್ಚಿನ ಬಹುಪಾಲು ಅದರಲ್ಲೇ ತೀರುತ್ತದೆ. ರೋಗ ಬಂದಾಗ ಮೊದಲು ತಾಲೂಕಿನ ಸರ್ಕಾರಿ ಪಶು ಆಸ್ಪತ್ರೆಗೆ ಹೋಗಬೇಕು. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕಾಗಿ 1962 ಸಹಾಯವಾಣಿಯಿದೆ. ಅಲ್ಲಿ ಸಾಧ್ಯವಾಗದ ಶಸ್ತ್ರಚಿಕಿತ್ಸೆಗೆ ಗದಗಿನ ಪಶುವೈದ್ಯಕೀಯ ಮಹಾವಿದ್ಯಾಲಯದಂಥ ಬೋಧನಾಸಂಸ್ಥೆಗಳನ್ನು ವಿಚಾರಿಸಬಹುದು. ಹಲವರ ಹೊಲ ಕಾಯುವ ನಾಯಿಯಾದರೆ ಆ ಹಲವರೂ ಕೈಗೂಡಿಸುವುದು ನ್ಯಾಯ. ಮನೆಯ ಮಕ್ಕಳ ಓದಿನ ಹಣವನ್ನು ಮುರಿದು, ಬಡ್ಡಿಸಾಲ ಮಾಡಿ ಚಿಕಿತ್ಸೆ ಕೊಡಿಸಿರೆಂದು ನಾವು ಹೇಳುವುದಿಲ್ಲ. ಶಕ್ತಿಯನ್ನು ಮೀರಿದ ಖರ್ಚನ್ನು ಯಾವ ಋಣವೂ ಕೇಳುವುದಿಲ್ಲ.

ಹಣವಿದ್ದರೂ ಪ್ರತಿಯೊಂದು ನಾಯಿಗೆ ಶಸ್ತ್ರಕ್ರಿಯೆಯೇ ದಾರಿಯಲ್ಲ. ಒಪ್ಪುವ ಮೊದಲು ಪಶುವೈದ್ಯರನ್ನು ನಾಲ್ಕು ಮಾತು ಕೇಳಬೇಕು: ರೋಗ ಬೇರೆ ಅಂಗಗಳಿಗೆ ಹಬ್ಬಿದೆಯೇ? ಅರಿವಳಿಕೆಯನ್ನು ಈ ಹೃದಯ, ಈ ಮೂತ್ರಪಿಂಡ ತಾಳುವವೇ? ಗುಣವಾದ ಮೇಲೆ ನೋವಿಲ್ಲದೆ ಎಷ್ಟು ಕಾಲ ಬದುಕೀತು? ಆರೈಕೆಗೆ ಮನೆಯಲ್ಲಿ ಯಾರು ಎಷ್ಟು ದಿನ ಇರಬೇಕು? ಉತ್ತರಗಳು ಆಶಾದಾಯಕವಲ್ಲದಿದ್ದರೆ, ನೋವು ತಗ್ಗಿಸುವ ಔಷಧ, ಮೆತ್ತನೆಯ ಹಾಸಿಗೆ, ನುಣುಪಾದ ಆಹಾರ, ಪಕ್ಕದಲ್ಲಿ ಒಬ್ಬ ಮನುಷ್ಯ ಇಷ್ಟೂ ಚಿಕಿತ್ಸೆಯೇ. ಮಾಡಬಾರದ್ದು ಒಂದೇ: ಕೆಲಸಕ್ಕೆ ಬಾರದೆಂದು ದೂರದ ಊರಿನ ದಾರಿಯಲ್ಲಿ ಇಳಿಸಿ ಬರುವುದು. ರಸ್ತೆಯ ಬದಿಯಲ್ಲಿ ಅಂಥ ಮುದಿನಾಯಿಗಳು ಪ್ರತಿಯೊಂದು ವಾಹನದ ಹಿಂದೆ ತಲೆಯೆತ್ತಿ ನೋಡುವುದನ್ನು ನಾವು ಕಂಡಿದ್ದೇವೆ.

ಆ ಕುರುಬರ ನಾಯಿ ಶಸ್ತ್ರಚಿಕಿತ್ಸೆಯ ನಂತರ ಒಂದೂವರೆ ವರ್ಷ ಬದುಕಿತು. ಹಿಂಡಿನ ಹಿಂದೆ ಹೋಗುವ ಶಕ್ತಿ ಮರಳಲಿಲ್ಲ. ಬೀಡಿನ ಬಳಿ ಕಂಬಳಿಯ ಮೇಲೆ ಮಲಗಿ, ಎಳೆಯ ನಾಯಿಗಳು ಬೊಗಳಿದಾಗ ತಾನೂ ಒಮ್ಮೆ ದನಿಗೂಡಿಸುತ್ತಿತ್ತಂತೆ. ಅದು ತೀರಿಕೊಂಡ ಸುದ್ದಿ ಹೇಳಲು ಬಂದ ದಿನ ಅವರು ತಮ್ಮ ಮೊಣಕಾಲಿನ ಮಾತೆತ್ತಲಿಲ್ಲ. ನಾವು ಲೇಪದ ಮಾತೆತ್ತಿ ಕ್ಷಮೆ ಕೇಳಿದೆವು. “ನೀವೂ ತಿಳೀದ ಕೊಟ್ರಿ, ನಾನೂ ತಿಳೀದ ಹಚ್ಚಿದೆ. ಮುಂದಿನ ನಾಯಿಗೆ ಹಂಗ ಆಗೂದು ಬ್ಯಾಡ” ಎಂದಷ್ಟೇ ನುಡಿದರು.

ಅಂದಿನಿಂದ ನಮ್ಮ ಚಿಕಿತ್ಸಾಲಯದಲ್ಲಿ ಯಾರಾದರೂ ತಮ್ಮ ಪ್ರಾಣಿಗೆ ಔಷಧ ಕೇಳಿದರೆ, ಪಶು ಆಸ್ಪತ್ರೆಯ ದಾರಿಯನ್ನು ಬರೆದುಕೊಡುತ್ತೇವೆ. ಸದ್ಭಕ್ತರು ಇಂದು ಸಂಜೆ ರೊಟ್ಟಿ ಹಾಕುವಾಗ ತಮ್ಮ ನಾಯಿಯ ಮೈಮೇಲೆ ಒಮ್ಮೆ ಕೈಯಾಡಿಸಿ ನೋಡಲಿ ಎಂಬುದು ನಮ್ಮ ಅರಿಕೆ.